ಯಜಮಾನ್ರ ಭಕ್ತಿ ಏರ್ತಾನೇ ಇದೆ, ಹಾಗಾದ್ರೆ ನಾನೇ ಉಗುರುಬೆಚ್ಚಗಿದ್ದೀನಾ?

ಪ್ರಶ್ನೆ: ನಮ್ಮ ಯಜಮಾನ್ರು ಮೂರು ವರ್ಷದ ಹಿಂದೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿ ಬಂದ್ಮೇಲೆ ಪೂರ್ತಿ ಬದಲಾದ್ರು. ಕುಡಿತ ಬಿಟ್ರು, ಅದಕ್ಕೆ ಇವತ್ತಿಗೂ ದೇವರಿಗೆ ಸ್ತೋತ್ರ ಹೇಳ್ತೀನಿ. ಆದ್ರೆ ಈಚೆಗೆ ಒಂದು ವರ್ಷದಿಂದ ಬೆಳಿಗ್ಗೆ ಎದ್ದಾಗಿಂದ ರಾತ್ರಿವರೆಗೂ ಫೋನಲ್ಲಿ ಬೇರೆ ಸಭೆಯವರ ಜೊತೆ ವಾದ, ಯಾರು ಸುಳ್ಳು ಬೋಧಕರು ಅಂತ ವಿಡಿಯೋ ಫಾರ್ವರ್ಡ್ ಮಾಡೋದು ಇದೇ ಆಗೋಗಿದೆ. ನಮ್ಮತ್ತೆ ಬೇರೆ ಪಂಗಡದ ಸಭೆಗೆ ಹೋಗ್ತಾರೆ, ಅವರ ಮುಖಕ್ಕೇ "ನೀನು ನರಕಕ್ಕೆ ಹೋಗ್ತೀಯ" ಅಂದ್ಬಿಟ್ರು, ಆವತ್ತಿಂದ ಅತ್ತೆ ಮನೆಗೆ ಬರ್ತಿಲ್ಲ. ಮಗಳ ಓದಿಗೆ ಅಂತ ಇಟ್ಟಿದ್ದ ದುಡ್ಡನ್ನ ನನಗೆ ಹೇಳ್ದೇನೇ ಸೇವೆಗೆ ಕೊಟ್ಟಿದ್ದಾರೆ, ಕೇಳಿದ್ರೆ "ಕಾಲ ಮುಗೀತಾ ಬಂತು, ಓದಿ ಏನ್ ಮಾಡ್ತಾಳೆ" ಅಂತಾರೆ. ಮಗನಿಗೆ 12 ವರ್ಷ, ಅವನನ್ನ ಕೈಪತ್ರ ಹಂಚೋಕೆ ಎಳ್ಕೊಂಡು ಹೋಗ್ತಾರೆ, ಅವನು ಅಳ್ತಾನೆ. ಸ್ವಲ್ಪ ನಿಧಾನ ಮಾಡಿ ಅಂದ್ರೆ ಸಾಕು, ಸತ್ಯವೇದದ ಪ್ರಕಟನೆ 3:16 ಹೇಳಿ "ನೀನು ಉಗುರುಬೆಚ್ಚಗಿದ್ದೀಯ, ಕರ್ತನು ಕಾರಿಬಿಡ್ತಾನೆ" ಅಂತಾರೆ. ಯೇಸು ಸ್ವಾಮಿನೇ ಚಾಟಿ ಹಿಡಿದಿರ್ಲಿಲ್ವಾ ಅಂತಾರೆ. ನಾನು ನಿಜವಾಗ್ಲೂ ದೇವರ ಕೆಲಸಕ್ಕೆ ಅಡ್ಡಿ ಆಗ್ತಿದ್ದೀನಾ? ಹಾಗಾದ್ರೆ ಕ್ರೈಸ್ತರು ಯಾವುದಕ್ಕೆ ಅಷ್ಟು ಉರಿಯಬೇಕು?

ಉತ್ತರ:

ಸಹೋದರಿ, ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಕುಡಿತ ಬಿಟ್ಟಿದ್ದಕ್ಕೆ ನೀವು ಹೇಳಿರೋ ಸ್ತೋತ್ರ. ಅಂದ್ರೆ ನಿಮಗೆ ಹಳೇ ಗಂಡ ವಾಪಸ್ ಬೇಕಾಗಿಲ್ಲ, ಅವರ ಭಕ್ತಿ ಆರಿಹೋಗ್ಲಿ ಅಂತಾನೂ ಇಲ್ಲ. ಆ ಭಕ್ತಿ ಮನೆಯವರನ್ನೇ ಯಾಕೆ ಹೊಡೀತಿದೆ ಅನ್ನೋದು ನಿಮ್ಮ ಕೊರಗು. ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ ನಿಮ್ಮ ಯಜಮಾನ್ರು ಈ ಎರಡನ್ನೂ ಒಂದೇ ಅಂದ್ಕೊಂಡಿದ್ದಾರೆ, ನಿಧಾನ ಮಾಡಿ ಅಂದಾಗೆಲ್ಲ ಅವರ ಕಿವಿಗೆ "ಯೇಸುನ ಬಿಡು" ಅಂತ ಕೇಳಿಸ್ತಿದೆ. ಸಭಾಪಾಲನೆ ಜೊತೆಗೆ ಕುಟುಂಬಗಳ ಆಪ್ತಸಮಾಲೋಚನೆ ಮಾಡೋ ನನ್ನ ಹತ್ರ ಇಂಥ ಪತ್ರಗಳು ಬರ್ತಾನೇ ಇರ್ತವೆ, ಹೆಂಡ್ತಿಯರಿಂದ ಜಾಸ್ತಿ, ಒಂದೊಂದ್ಸಲ ಗಂಡಂದಿರಿಂದ, ಅಪ್ಪ ಅಮ್ಮಂದಿರಿಂದಾನೂ. ಎಲ್ಲದರಲ್ಲೂ ಸಾಮಾನ್ಯವಾಗಿರೋದು ಒಂದೇ, ಬರೆದವರಿಗೆ ತಾವೇ ತಪ್ಪಿತಸ್ಥರು ಅನ್ನಿಸಿರತ್ತೆ.

ಆ ಪ್ರಕಟನೆ 3:16 ಇಂದಾನೇ ಶುರು ಮಾಡೋಣ, ನಿಮಗೆ ಜಾಸ್ತಿ ನೋವು ಕೊಟ್ಟಿರೋದು ಅದೇ ತಾನೇ. ಲವೊದಿಕೀಯ ಸಭೆಗೆ ಕರ್ತನು ಹೇಳಿದ ಮಾತು ಅದು. ಆದ್ರೆ ಮುಂದಿನ ವಚನಾನೂ ಓದಬೇಕು, 17ನೇ ವಚನದಲ್ಲಿ ಅವರು ಯಾಕೆ ಉಗುರುಬೆಚ್ಚಗಿದ್ರು ಅಂತ ಕಾರಣ ಅಲ್ಲೇ ಕೊಟ್ಟಿದೆ: ನಾನು ಐಶ್ವರ್ಯವಂತ, ನನಗೇನೂ ಕೊರತೆ ಇಲ್ಲ ಅಂತ ಅವರು ಹೇಳ್ಕೋತಿದ್ರು, ತಾವು ಕುರುಡರು ಬಡವರು ಅನ್ನೋದೇ ಅವರಿಗೆ ಗೊತ್ತಿರ್ಲಿಲ್ಲ. ಅಂದ್ರೆ ದನಿ ಸಣ್ಣದಾಗಿದ್ದಕ್ಕೋ, ಉಪವಾಸ ಕಮ್ಮಿ ಮಾಡಿದ್ದಕ್ಕೋ ಬಂದ ಬೈಗುಳ ಅಲ್ಲ ಅದು, "ನನ್ನಲ್ಲಿ ತಿದ್ಕೊಳ್ಳೋದು ಏನೂ ಇಲ್ಲ" ಅನ್ನೋ ಮನಸ್ಸಿಗೆ ಬಂದಿದ್ದು. 19ನೇ ವಚನದಲ್ಲಿ ಆಸಕ್ತನಾಗು ಅಂತ ಇದೆ ನಿಜ, ಜೊತೆಗೇ ಮಾನಸಾಂತರಪಡು ಅಂತ ಇದೆ, ಆ ಆಸಕ್ತಿ ತಿರುಗಬೇಕಾಗಿರೋದು ತನ್ನ ಕಡೆಗೇ. 20ನೇ ವಚನದಲ್ಲಿ ಅದೇ ಕರ್ತನು ಬಾಗಿಲ ಹೊರಗೆ ನಿಂತು ತಟ್ತಾ ಇದ್ದಾನೆ, ಒದ್ದು ಒಳಗೆ ಬರ್ತಿಲ್ಲ. ಹಾಗಾಗಿ "ನಾನು ಅಡ್ಡಿ ಆಗ್ತಿದ್ದೀನಾ" ಅಂತ ಕೇಳ್ಕೊಂಡು ಪತ್ರ ಬರೆದಿರೋ ನಿಮಗೆ ಲವೊದಿಕೀಯದ ಕಾಯಿಲೆ ಇದೆ ಅಂತ ನನಗಂತೂ ಅನ್ನಿಸಲ್ಲ.

ಇನ್ನು ತುಂಬ ಜನ ನಂಬಿರೋ ಒಂದು ವಿಷಯ, ಇಷ್ಟು ಉತ್ಸಾಹ ಇದೆ ಅಂದ್ರೆ ಅದು ದೇವರಿಂದಾನೇ ಬಂದಿರಬೇಕು ಅನ್ನೋದು. ಇದು ಸುಳ್ಳು, ಸುಳ್ಳು ಅನ್ನೋದಕ್ಕೆ ಸಾಕ್ಷಿ ಪೌಲನೇ, ಆಮೇಲೆ ಯೇಸುವಿನ ಅಪೊಸ್ತಲನಾದವನು. ಫಿಲಿಪ್ಪಿ 3:6ರಲ್ಲಿ ತನ್ನ ಹಳೇ ಬಯೋಡೇಟಾ ಕೊಡ್ತಾ, ಆಸಕ್ತಿ ವಿಷಯದಲ್ಲಿ ನಾನು ಸಭೆಯನ್ನ ಹಿಂಸೆಪಡಿಸಿದವನು ಅಂತಾನೆ. ಗಲಾತ್ಯ 1:14ರಲ್ಲಿ ಪಿತೃಗಳ ಸಂಪ್ರದಾಯದ ವಿಷಯದಲ್ಲಿ ನನ್ನ ವಯಸ್ಸಿನವರಿಗಿಂತ ಎಷ್ಟೋ ಹೆಚ್ಚು ಅಭಿಮಾನ ನನಗಿತ್ತು ಅಂತಾನೆ. ಅವನು ಜೀವನದಲ್ಲಿ ಅತಿ ದೊಡ್ಡ ತಪ್ಪು ಮಾಡ್ತಿದ್ದ ಹೊತ್ತಲ್ಲೇ ಅವನ ಉತ್ಸಾಹಕ್ಕೆ ಒಂಚೂರೂ ಕೊರತೆ ಇರ್ಲಿಲ್ಲ, ಮನಸ್ಸಾಕ್ಷಿನೂ ಚುಚ್ಚಿರಲಿಕ್ಕಿಲ್ಲ. ಅದಕ್ಕೇ ಅವನು ರೋಮಾಪುರದವರಿಗೆ 10:2ರಲ್ಲಿ ತನ್ನ ಸ್ವಂತ ಜನರ ಬಗ್ಗೆ ಅಷ್ಟು ಸಂಕಟದಿಂದ ಬರೀತಾನೆ, ಅವರಿಗೆ ದೇವರ ಮೇಲೆ ಆಸಕ್ತಿ ಇದೆ, ಆದ್ರೆ ಅದು ಜ್ಞಾನಕ್ಕೆ ಅನುಸಾರವಾದದ್ದಲ್ಲ ಅಂತ. ಯೇಸು ಕೂಡ ಯೋಹಾನ 16:2ರಲ್ಲಿ ಎಚ್ಚರಿಸಿದ್ದಾನೆ, ನಿಮ್ಮನ್ನ ಕೊಲ್ಲೋರು ತಾವು ದೇವರ ಸೇವೆ ಮಾಡ್ತಿದ್ದೀವಿ ಅಂದ್ಕೋತಾರೆ ಅಂತ. ನಂತರದ ಕ್ರೈಸ್ತ ಚರಿತ್ರೆಯಲ್ಲಿ ಇದು ನಮ್ಮ ಕೈಯಿಂದಾನೇ ನಡೆದುಹೋಯ್ತು. 1553ರಲ್ಲಿ ಜಿನೀವಾದಲ್ಲಿ ಮೈಕೆಲ್ ಸರ್ವೇಟಸ್ ಅನ್ನೋ ವೈದ್ಯನನ್ನ, ತ್ರಿಯೇಕತ್ವದ ಬಗ್ಗೆ, ಅಂದ್ರೆ ತಂದೆ ಮಗ ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋದರ ಬಗ್ಗೆ, ಅವನ ಬೋಧನೆ ತಪ್ಪು ಅಂತ ಜೀವಂತ ಸುಟ್ರು. ಸುಟ್ಟೋರಿಗೂ ಸತ್ಯವೇದ ಚೆನ್ನಾಗಿ ಗೊತ್ತಿತ್ತು. ಆಗ ಸೆಬಾಸ್ಟಿಯನ್ ಕಾಸ್ಟೆಲಿಯೋ ಅನ್ನೋ ಇನ್ನೊಬ್ಬ ಕ್ರೈಸ್ತ ವಿದ್ವಾಂಸ ಅದನ್ನ ಖಂಡಿಸಿ ಬರೆದ, ಮನುಷ್ಯನನ್ನ ಕೊಂದ್ರೆ ಸಿದ್ಧಾಂತ ಕಾಪಾಡಿದ ಹಾಗಾಗಲ್ಲ, ಒಬ್ಬ ಮನುಷ್ಯನನ್ನ ಕೊಂದ ಹಾಗಾಗತ್ತೆ ಅಷ್ಟೇ ಅಂತ. ನಿಮ್ಮ ಯಜಮಾನ್ರು ಯಾರನ್ನೂ ಸುಡ್ತಿಲ್ಲ, ಅದು ಗೊತ್ತು. ಆದ್ರೆ ಹೆತ್ತ ತಾಯಿಗೆ ನರಕ ಅಂದು ಕಳಿಸಿದಾಗ ಯಾವ ಸತ್ಯ ಉಳೀತು ಅಂತ ಕೇಳಬಹುದು.

ಚಾಟಿ ವಿಷಯ. ಇದನ್ನ ಕೇಳಿ ಕೇಳಿ ನನಗೆ ಸಾಕಾಗಿದೆ, ಸಿಟ್ಟು ಬಂದಾಗೆಲ್ಲ ಎಲ್ಲರಿಗೂ ಆ ಒಂದು ಘಟನೇನೇ ನೆನಪಾಗೋದು, ಶಿಷ್ಯರ ಕಾಲು ತೊಳೆದದ್ದು ಮಾತ್ರ ಯಾರಿಗೂ ನೆನಪಾಗಲ್ಲ. ಯೋಹಾನ 2ನೇ ಅಧ್ಯಾಯ ತೆಗೆದು ನಿಧಾನಕ್ಕೆ ಓದಿ. ಚಾಟಿ ಬಂದಿದ್ದು ಕುರಿ ದನಗಳನ್ನ ಹೊರಗೆ ಅಟ್ಟೋ ಕಡೆ, ಪಾರಿವಾಳ ಮಾರೋರಿಗೆ "ಇವನ್ನ ಇಲ್ಲಿಂದ ತಗೊಂಡು ಹೋಗಿ" ಅಂತ ಬಾಯಲ್ಲಿ ಹೇಳಿದ, ಪಂಜರ ಒಡೆದು ಹಕ್ಕಿ ಹಾರಿಸಿಲ್ಲ, ಬಡವರ ಬಂಡವಾಳ ಅದು. ಮಾರ್ಕ 11:17ರಲ್ಲಿ ಕಾರಣಾನೂ ಹೇಳಿದ್ದಾನೆ, ನನ್ನ ಆಲಯ ಎಲ್ಲಾ ಜನಾಂಗಗಳಿಗೂ ಪ್ರಾರ್ಥನೆಯ ಮನೆ ಅಂತ. ಯೆಹೂದ್ಯರಲ್ಲದವರು ಬಂದು ಪ್ರಾರ್ಥನೆ ಮಾಡೋಕೆ ಇದ್ದ ಜಾಗ ದೇವಾಲಯದ ಹೊರಗಿನ ಅಂಗಳ ಮಾತ್ರ, ಸಂತೆ ನಡೀತಿದ್ದಿದ್ದು ಅಲ್ಲೇ ಅಂತ ಪಂಡಿತರಲ್ಲಿ ಬಹಳ ಜನ ಹೇಳ್ತಾರೆ. ಅಂದ್ರೆ ಆ ಸಿಟ್ಟು ಹೊರಗಿನವರಿಗೆ ಜಾಗ ಮಾಡಿಕೊಡೋಕೆ ಬಂದ ಸಿಟ್ಟು. ಅದಕ್ಕೆ ಬೆಲೆ ತೆತ್ತಿದ್ದು ಯಾರು? ಆತನೇ. ನಿನ್ನ ಆಲಯದ ಅಭಿಮಾನ ನನ್ನನ್ನ ದಹಿಸಿಬಿಡ್ತು ಅನ್ನೋ ಕೀರ್ತನೆಯ ಮಾತು ಶಿಷ್ಯರಿಗೆ ಅಲ್ಲಿ ನೆನಪಾಯ್ತು, ದಹಿಸಿದ್ದು ಆತನನ್ನ, ಪಕ್ಕದವರನ್ನಲ್ಲ.

ನನ್ನ ಅನುಭವದಲ್ಲಿ ಭಕ್ತಿಯ ಉತ್ಸಾಹ ನೆಟ್ಟಗಿದೆಯಾ ಅಡ್ಡದಾರಿ ಹಿಡಿದಿದೆಯಾ ಅಂತ ಗೊತ್ತಾಗೋದು ಇಲ್ಲೇ. ಅದು ಎಷ್ಟು ಬಿಸಿ ಇದೆ ಅಂತ ನೋಡಿ ಪ್ರಯೋಜನ ಇಲ್ಲ. ಹೋಟೆಲಲ್ಲಿ ಭರ್ಜರಿಯಾಗಿ ಆರ್ಡರ್ ಮಾಡೋನು ಉದಾರಿಯೋ ಅಲ್ವೋ ಅಂತ ಬಿಲ್ ಬಂದಾಗ ತಾನೇ ಗೊತ್ತಾಗೋದು? ನಿಮ್ಮ ಪತ್ರವನ್ನ ಹಾಗೆ ಓದಿದೆ. ಅತ್ತೆ ಮನೆಗೆ ಬರೋದು ನಿಲ್ಲಿಸಿದ್ರು, ಮಗಳ ಓದಿನ ದುಡ್ಡು ಹೋಯ್ತು, ಮಗ ಅಳ್ತಾ ಬೀದೀಲಿ ನಿಲ್ತಾನೆ, ನೀವು ರಾತ್ರಿ ನಿದ್ದೆ ಇಲ್ದೆ ಪತ್ರ ಬರೀತೀರಿ. ಬಿಲ್ಲೆಲ್ಲ ಬೇರೆಯವರೇ ಕಟ್ತಿದ್ದಾರೆ. ಅವರು ಕುಡಿತ ಬಿಟ್ಟಾಗ ಮಾತ್ರ ಹಾಗಿರ್ಲಿಲ್ಲ ನೋಡಿ, ಆಗ ಕಷ್ಟಪಟ್ಟಿದ್ದು ಅವರೇ, ಲಾಭ ಆಗಿದ್ದು ಇಡೀ ಮನೆಗೆ. ಹಾಗಾಗಿ ಮೊದಲ ವರ್ಷದ ಭಕ್ತಿ ಸುಳ್ಳು ಅಂತ ದಯವಿಟ್ಟು ತಿಳ್ಕೋಬೇಡಿ, ಅದು ನಿಜವಾದದ್ದೇ ಇರಬೇಕು, ಮಧ್ಯದಲ್ಲೆಲ್ಲೋ ದಿಕ್ಕು ತಪ್ಪಿದೆ.

ಆ ದುಡ್ಡಿನ ವಿಷಯಕ್ಕಂತೂ ಯೇಸುವಿನ ಮಾತೇ ಇದೆ, ಮಾರ್ಕ 7ನೇ ಅಧ್ಯಾಯ, 9ರಿಂದ 13. ಕೊರ್ಬಾನ್ ಅಂತ ಒಂದು ಪದ್ಧತಿ ಇತ್ತು, ಅಪ್ಪ ಅಮ್ಮನಿಗೆ ಆಗಬೇಕಾಗಿದ್ದ ಸಹಾಯವನ್ನ "ಇದು ದೇವರಿಗೆ ಮುಡಿಪು" ಅಂದ್ಬಿಟ್ರೆ ಆಯ್ತು, ಆಮೇಲೆ ಹೆತ್ತವರಿಗೆ ಏನೂ ಕೊಡಬೇಕಾಗಿರ್ಲಿಲ್ಲ. ಹೊರಗಿಂದ ನೋಡಿದ್ರೆ ಎಂಥಾ ಭಕ್ತಿ! ಯೇಸು ಅದನ್ನ ಹೊಗಳ್ಲಿಲ್ಲ, ನೀವು ನಿಮ್ಮ ಸಂಪ್ರದಾಯದಿಂದ ದೇವರ ವಾಕ್ಯವನ್ನೇ ಇಲ್ಲದ ಹಾಗೆ ಮಾಡ್ತಿದ್ದೀರಿ ಅಂದ. 1 ತಿಮೊಥೆಯ 5:8ರಲ್ಲಿ ಪೌಲ ಇನ್ನೂ ಖಾರವಾಗಿ ಹೇಳ್ತಾನೆ, ಸ್ವಂತ ಮನೆಯವರನ್ನ ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಅಂತ. ಕಾಣಿಕೆ ಕೊಡೋದು ತಪ್ಪಲ್ಲ, ತ್ಯಾಗ ಮಾಡಿ ಕೊಡೋದು ಇನ್ನೂ ಒಳ್ಳೇದು, ಆದ್ರೆ ಮಗಳ ಪಾಲನ್ನ ಕೊಟ್ಟು ನಾನು ತ್ಯಾಗ ಮಾಡಿದೆ ಅನ್ನೋ ಹಾಗಿಲ್ಲ, ಅದು ಅವಳ ತ್ಯಾಗ, ಅವಳನ್ನ ಯಾರೂ ಕೇಳಿಲ್ಲ.

"ಕಾಲ ಮುಗೀತಾ ಬಂತು" ಅನ್ನೋದಕ್ಕೂ ಒಂದು ಮಾತು. ಕರ್ತನ ಬರೋಣ, ಅಂದ್ರೆ ಯೇಸು ಮತ್ತೆ ಬರೋದು, ನಮ್ಮೆಲ್ಲರ ನಂಬಿಕೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ದಿನ ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯ 24:36ರಲ್ಲಿ ಆತನೇ ಹೇಳಿದ್ದಾನೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಅನ್ನೋ ಬೋಧಕರ ಲೆಕ್ಕಾಚಾರ ನಂಬಿಕೊಂಡು ಸಾವಿರಾರು ಜನ 1844ರ ಅಕ್ಟೋಬರ್ 22ಕ್ಕೆ ಕಾದ್ರು, ಕೆಲವರು ಹೊಲದಲ್ಲಿ ಬೆಳೆ ಕೊಯ್ಯದೇನೇ ಬಿಟ್ರು, ಮಾರನೇ ದಿನ ಬೆಳಗಾಯ್ತು. ಥೆಸಲೋನಿಕದಲ್ಲೂ ಕೆಲವರು ಕೆಲಸ ಬಿಟ್ಟು ಕೂತಿದ್ರು, ಅವರಿಗೆ ಪೌಲ ಬರೆದಿದ್ದು ಸುಮ್ಮನೆ ಕೆಲಸ ಮಾಡಿ ನಿಮ್ಮ ಅನ್ನ ನೀವೇ ದುಡಿದು ತಿನ್ನಿ ಅಂತ. ಬರೋಣಕ್ಕೆ ಕಾಯ್ತಾ ಇರೋರು ಮಕ್ಕಳನ್ನ ಓದಿಸಬಾರದು ಅಂತ ಎಲ್ಲೂ ಬರೆದಿಲ್ಲ.

ಈಗ ಇದು ಯಾಕೆ ಹೀಗಾಗತ್ತೆ ಅನ್ನೋದು, ಇದು ಗೊತ್ತಿದ್ರೆ ನಿಮಗೆ ಅವರ ಮೇಲಿರೋ ಸಿಟ್ಟು ಸ್ವಲ್ಪ ಇಳಿಯಬಹುದು. ಕುಡಿತದಂಥ ಒಂದು ಹಿಡಿತದಿಂದ ಬಿಡಿಸ್ಕೊಂಡು ಬಂದವರಿಗೆ ಒಳಗೆ ಒಂದು ಭಯ ಇರತ್ತೆ, ಸ್ವಲ್ಪ ಸಡಿಲ ಬಿಟ್ರೂ ವಾಪಸ್ ಅಲ್ಲಿಗೇ ಬೀಳ್ತೀನಿ ಅಂತ. ಅದಕ್ಕೆ ಎಲ್ಲಾ ಕಡೆ ಗೆರೆ ಎಳೀತಾರೆ, ಗೆರೆ ಒಳಗೆ ಯಾರು ಹೊರಗೆ ಯಾರು ಅಂತ ದಿನಾ ಚೆಕ್ ಮಾಡ್ತಾರೆ, ಅದರಿಂದ ಒಂಥರಾ ನೆಮ್ಮದಿ ಸಿಗತ್ತೆ. ಹಳೇ ದಿನಗಳ ಅಪರಾಧ ಭಾವನೇನೂ ಇರಬಹುದು. ಕ್ಷಮೆ ಸಿಕ್ಕಿದೆ ಅಂತ ತಲೆಗೆ ಗೊತ್ತು, ಮನಸ್ಸಿಗೆ ಇಳಿದಿಲ್ಲ, ಆಗ ಮನುಷ್ಯ ದೇವರಿಗೆ ಸಾಲ ತೀರಿಸೋಕೆ ಓಡಾಡ್ತಾನೆ. ಇದರ ಮೇಲೆ ಫೋನು. ಶಾಂತವಾಗಿ ಕೂತು ಕೀರ್ತನೆ ವಿವರಿಸೋ ವಿಡಿಯೋಗಿಂತ "ಈ ಬೋಧಕನ ಬಣ್ಣ ಬಯಲು" ಅನ್ನೋದನ್ನ ಜನ ಜಾಸ್ತಿ ನೋಡ್ತಾರೆ, ಜಾಸ್ತಿ ನೋಡಿದ್ದನ್ನೇ ಆ ಆ್ಯಪು ಮತ್ತೆ ಮತ್ತೆ ತಂದು ಮುಂದಿಡತ್ತೆ, ಒಂದು ವರ್ಷ ಇದನ್ನೇ ತಿಂದ್ರೆ ಲೋಕದಲ್ಲಿ ನಾವು ನಾಲ್ಕು ಜನ ಬಿಟ್ಟು ಮಿಕ್ಕವರೆಲ್ಲ ಕೆಟ್ಟೋಗಿದ್ದಾರೆ ಅನ್ನಿಸೋದು ಸಹಜ. ಪ್ರವಾದಿ ಎಲೀಯನಿಗೂ ಹಾಗೇ ಅನ್ನಿಸಿತ್ತು, 1 ಅರಸುಗಳು 19ರಲ್ಲಿ ಎರಡೆರಡು ಸಲ ಅದೇ ಮಾತು ಹೇಳ್ತಾನೆ, ನಾನು ನಿನಗೋಸ್ಕರ ಬಹಳ ಅಭಿಮಾನಪಟ್ಟೆ, ಈಗ ಉಳಿದಿರೋನು ನಾನೊಬ್ಬನೇ ಅಂತ. ದೇವರು ಮೊದಲು ಅವನಿಗೆ ನಿದ್ದೆ ಕೊಟ್ಟು ರೊಟ್ಟಿ ನೀರು ಕೊಟ್ಟು, ಆಮೇಲೆ ಲೆಕ್ಕ ತಿದ್ದಿದ, ಬಾಳ ಅನ್ನೋ ಅನ್ಯದೇವರಿಗೆ ಅಡ್ಡಬೀಳದ 7,000 ಜನ ಇನ್ನೂ ಇದ್ದಾರೆ ಅಂತ. ನಾನೊಬ್ಬನೇ ಅನ್ನೋ ಮಾತು ಯಾರ ಬಾಯಲ್ಲಾದ್ರೂ ಪದೇ ಪದೇ ಬರ್ತಿದ್ರೆ ಅವರಿಗೆ ಇನ್ನೊಂದು ಪ್ರಸಂಗಕ್ಕಿಂತ ಮೊದಲು ವಿಶ್ರಾಂತಿ ಬೇಕಾಗಿರತ್ತೆ.

ಹಾಗಂತ ಆರಾಮಾಗಿ ಇದ್ಬಿಡೋದೇ ಪಕ್ವತೆ ಅಂತಾನೂ ಅಲ್ಲ. ಭಾನುವಾರ ಒಂದು ಗಂಟೆ ಕೂತು ಎದ್ದು ಬಂದು, ನಾವು ಅತಿಗೆ ಹೋಗಲ್ಲಪ್ಪ ಅಂತ ಹೇಳ್ಕೊಳ್ಳೋರನ್ನೂ ನೋಡಿದ್ದೀನಿ, ಅವರ ಶಾಂತಿ ಬರೀ ಸೋಮಾರಿತನ. ರೋಮಾ 12:11 ಆಸಕ್ತಿಯಲ್ಲಿ ಆಲಸ್ಯ ಮಾಡಬೇಡಿ, ಆತ್ಮದಲ್ಲಿ ಕುದೀತಾ ಇರಿ ಅಂತ ನೇರವಾಗೇ ಹೇಳತ್ತೆ. ಆದ್ರೆ ಆ ಕುದಿಯೋದು ಏನಕ್ಕೆ ಅಂತ ಅಲ್ಲೇ ಆಚೆಈಚೆ ನೋಡಿ: ಮಾನ ಮರ್ಯಾದೆ ಕೊಡೋದ್ರಲ್ಲಿ ಒಬ್ಬರಿಗಿಂತ ಒಬ್ಬರು ಮುಂದಾಗಿ, ಕೊರತೆಯಲ್ಲಿರೋರಿಗೆ ಸಹಾಯ ಮಾಡಿ, ಅತಿಥಿ ಸತ್ಕಾರ ಮಾಡಿ, ಹಿಂಸೆಪಡಿಸೋರನ್ನ ಆಶೀರ್ವದಿಸಿ, ಅಳೋರ ಜೊತೆ ಅಳಿ, ನಿಮ್ಮಿಂದ ಆಗೋ ಮಟ್ಟಿಗೆ ಎಲ್ಲರ ಜೊತೆ ಸಮಾಧಾನದಿಂದಿರಿ. ತೀತ 2:14ರಲ್ಲಿ ಕ್ರಿಸ್ತನು ತನ್ನನ್ನೇ ಒಪ್ಪಿಸಿಕೊಟ್ಟಿದ್ದು ಸತ್ಕ್ರಿಯೆಗಳಲ್ಲಿ ಆಸಕ್ತರಾಗಿರೋ ಜನರನ್ನ ತನಗಾಗಿ ಮಾಡಿಕೊಳ್ಳೋಕೆ ಅಂತಿದೆ, ಮುಂದಿನ ಅಧ್ಯಾಯದಲ್ಲೇ ಬುದ್ಧಿಯಿಲ್ಲದ ತರ್ಕ, ಜಗಳ, ವಾಗ್ವಾದಗಳಿಂದ ದೂರ ಇರು, ಅವು ನಿಷ್ಪ್ರಯೋಜಕ ಅಂತಿದೆ. ಯಾಕೋಬ 1:27ರಲ್ಲಿ ದಿಕ್ಕಿಲ್ಲದ ಮಕ್ಕಳನ್ನ, ವಿಧವೆಯರನ್ನ ಕಷ್ಟದಲ್ಲಿ ನೋಡಿಕೊಳ್ಳೋದು ಶುದ್ಧ ಭಕ್ತಿ ಅಂತಿದೆ. ಯೆಶಾಯ 58ರಲ್ಲಿ ಉಪವಾಸ ಮಾಡ್ಕೊಂಡೇ ಜಗಳ ಆಡೋರಿಗೆ ದೇವರು ಹೇಳೋದು, ಹಸಿದವರಿಗೆ ಅನ್ನ ಹಂಚು, ಬಟ್ಟೆ ಇಲ್ಲದವನಿಗೆ ಹೊದಿಸು, ನಿನ್ನ ಸ್ವಂತ ರಕ್ತಸಂಬಂಧಿಗೆ ಮುಖ ತಪ್ಪಿಸಬೇಡ. ಈ ಕೊನೇ ಮಾತನ್ನ ನಿಮ್ಮ ಯಜಮಾನ್ರು ಓದಿದ್ದಾರಾ ಗೊತ್ತಿಲ್ಲ, ಅವರಿಗೆ ಅಮ್ಮ ನೆನಪಾಗಬೇಕು.

ಸಿದ್ಧಾಂತ ಮುಖ್ಯ ಅಲ್ವಾ ಅಂತ ಅವರು ಕೇಳ್ತಾರೆ. ಮುಖ್ಯ. ಎಫೆಸದ ಸಭೆ ಸುಳ್ಳು ಅಪೊಸ್ತಲರನ್ನ ಪರೀಕ್ಷಿಸಿ ಹಿಡಿದಿದ್ದಕ್ಕೆ ಪ್ರಕಟನೆ 2ರಲ್ಲಿ ಕರ್ತನು ಮೆಚ್ಚಿಕೊಂಡಿದ್ದಾನೆ, ಆದ್ರೆ ಅದೇ ಉಸಿರಲ್ಲಿ ನೀನು ಮೊದಲಿದ್ದ ಪ್ರೀತಿಯನ್ನ ಬಿಟ್ಟಿದ್ದೀಯ, ತಿರುಗಿಕೊಳ್ಳದಿದ್ರೆ ನಿನ್ನ ದೀಪಸ್ತಂಭ ತೆಗೆದುಬಿಡ್ತೀನಿ ಅಂದಿದ್ದಾನೆ. ಸುಳ್ಳು ಬೋಧನೆ ಹಿಡಿಯೋದ್ರಲ್ಲಿ ಫಸ್ಟ್ ಕ್ಲಾಸ್, ಪ್ರೀತೀಲಿ ಫೇಲ್, ಆ ಸಭೆಗೆ ಬಂದಿದ್ದು ಮುಚ್ಚೋ ಎಚ್ಚರಿಕೆ.

ಉತ್ಸಾಹ ಪ್ರೀತಿ ಮತ್ತು ಸತ್ಕ್ರಿಯೆಗಳ ಕಡೆ ತಿರುಗಿದಾಗ ಏನಾಗತ್ತೆ ಅನ್ನೋದಕ್ಕೆ ವಿರೋಧಿಗಳ ಬಾಯಿಂದಾನೇ ಸಾಕ್ಷಿ ಇದೆ. ನಾಲ್ಕನೇ ಶತಮಾನದಲ್ಲಿ ರೋಮ್ ಚಕ್ರವರ್ತಿ ಜೂಲಿಯನ್ ಕ್ರೈಸ್ತ ನಂಬಿಕೆಯನ್ನ ಹಿಮ್ಮೆಟ್ಟಿಸಿ ಹಳೇ ದೇವರುಗಳನ್ನ ವಾಪಸ್ ತರೋಕೆ ಹೊರಟಿದ್ದ. ಅವನು ತನ್ನ ಅರ್ಚಕನೊಬ್ಬನಿಗೆ ಬರೆದ ಪತ್ರದಲ್ಲಿ ಗೋಳಾಡ್ತಾನೆ, ಈ ಗಲಿಲಾಯದವರು (ಕ್ರೈಸ್ತರನ್ನ ಅವನು ಕರೀತಿದ್ದಿದ್ದು ಹಾಗೆ) ತಮ್ಮ ಬಡವರನ್ನಷ್ಟೇ ಅಲ್ಲ ನಮ್ಮ ಬಡವರನ್ನೂ ಸಾಕ್ತಿದ್ದಾರೆ, ನಮಗೆ ನಾಚಿಕೆಗೇಡು ಅಂತ. ಯಾರ ಜೊತೆ ವಾದದಲ್ಲಿ ಗೆದ್ರು ಅಂತ ಅವನ ತಲೆನೋವಲ್ಲ. ಇನ್ನೊಬ್ಬರು ಇಂಗ್ಲೆಂಡಿನ ವಿಲಿಯಂ ವಿಲ್ಬರ್‌ಫೋರ್ಸ್, ಗುಲಾಮರ ವ್ಯಾಪಾರ ನಿಲ್ಲಿಸಿ ಅಂತ 1789ರಲ್ಲಿ ಪಾರ್ಲಿಮೆಂಟಲ್ಲಿ ದನಿ ಎತ್ತಿದವರು, ಸೋತು ಸೋತು 1807ರಲ್ಲಿ ಕಾನೂನಾಯ್ತು. ಅಷ್ಟು ವರ್ಷ ಒಂದೇ ವಿಷಯ ಹಿಡ್ಕೊಂಡು ಕೂರೋಕೆ ಎಂಥಾ ಕಾವು ಬೇಕು ಯೋಚ್ನೆ ಮಾಡಿ, ಆ ಕಾವಿನಿಂದ ಅವರ ಆರೋಗ್ಯ ಹೆಸರು ಸವೀತು, ಉಳ್ಕೊಂಡಿದ್ದು ಬೇರೆಯವರ ಮಕ್ಕಳು.

ಸರಿ, ನೀವೀಗ ಏನ್ ಮಾಡಬಹುದು.

ಸುಮ್ಮನಿರೋದು ಒಂದು ದಾರಿ, ತುಂಬ ಹೆಂಗಸರು ಅದನ್ನೇ ಆರಿಸ್ಕೋತಾರೆ, ಹೆಂಡ್ತಿಯರು ಗಂಡಂದಿರಿಗೆ ಅಧೀನರಾಗಿರಿ ಅನ್ನೋ 1 ಪೇತ್ರ 3ನ್ನ ಹಾಗೆ ಅರ್ಥ ಮಾಡ್ಕೊಂಡು. ಸಣ್ಣ ಪುಟ್ಟ ವಿಷಯಕ್ಕೆ ಸರಿ, ಅವರು ದಿನಕ್ಕೆ ಎರಡು ಗಂಟೆ ಪ್ರಾರ್ಥನೆ ಮಾಡ್ತಾರಾ ಮಾಡ್ಲಿ ಬಿಡಿ. ಆದ್ರೆ ದುಡ್ಡಿನ ವಿಷಯದಲ್ಲಿ, ಮಕ್ಕಳ ವಿಷಯದಲ್ಲಿ ಸುಮ್ಮನಿದ್ರೆ ಅವರು ಅದನ್ನ ಒಪ್ಪಿಗೆ ಅಂದ್ಕೋತಾರೆ, ಅದೇ ಅದರ ಅಪಾಯ. ಎರಡನೇದು ವಚನಕ್ಕೆ ವಚನ ಹೊಡೆಯೋದು. ನಾನು ಮೇಲೆ ಇಷ್ಟೊಂದು ವಚನ ಕೊಟ್ಟಿದ್ದೀನಿ, ಇದನ್ನ ಪ್ರಿಂಟ್ ತೆಗೆದು ಅವರ ಮುಂದೆ ಇಡೋಕೆ ಹೋಗ್ಬೇಡಿ ಮಾರಾಯ್ರೆ. ಇವು ನಿಮ್ಮ ಮನಸ್ಸಿನ ಭಾರ ಇಳಿಸೋಕೆ. ವಾದ ಮಾಡೋದನ್ನೇ ದಿನಾ ಪ್ರಾಕ್ಟೀಸ್ ಮಾಡೋರ ಜೊತೆ ವಾದಕ್ಕಿಳಿದ್ರೆ ಮನೆ ಇನ್ನೊಂದು ವಾಟ್ಸಾಪ್ ಗ್ರೂಪ್ ಆಗತ್ತೆ, ನೀವು ಸುಳ್ಳು ಬೋಧಕರ ಲಿಸ್ಟಿಗೆ ಸೇರ್ತೀರಿ.

ನಾನು ಸಾಮಾನ್ಯವಾಗಿ ಹೇಳೋದು, ಅವರು ಫೋನ್ ಹಿಡಿದಿರೋ ಹೊತ್ತು ಬಿಟ್ಟು, ಹೊಟ್ಟೆ ತುಂಬಿ ಮನಸ್ಸು ತಿಳಿಯಾಗಿರೋ ಹೊತ್ತು ನೋಡಿ, ಒಂದೇ ಒಂದು ವಿಷಯ ಎತ್ಕೊಳ್ಳಿ. ಎಲ್ಲಾನೂ ಒಟ್ಟಿಗೆ ಬೇಡ. ಮೊದಲು ಕುಡಿತ ಬಿಟ್ಟಿದ್ದಕ್ಕೆ ಮನಸ್ಸಾರೆ ಥ್ಯಾಂಕ್ಸ್ ಹೇಳಿ, ಅದನ್ನ ಯಾರೂ ಅವರಿಗೆ ಈಚೆಗೆ ಹೇಳಿರಲಿಕ್ಕಿಲ್ಲ. ಆಮೇಲೆ "ನಿಮ್ಮ ಭಕ್ತಿ ಜಾಸ್ತಿ ಆಯ್ತು" ಅನ್ನೋ ಮಾತೇ ತರಬೇಡಿ, "ಅಮ್ಮ ಮನೆಗೆ ಬಂದು ಇಷ್ಟು ತಿಂಗಳಾಯ್ತು ರೀ, ನಾವಿಬ್ರೂ ಹೋಗಿ ಕರ್ಕೊಂಡು ಬರೋಣ, ಸಿದ್ಧಾಂತ ಮಾತಾಡೋದು ಬೇಡ, ಊಟ ಮಾಡ್ಕೊಂಡು ಹೋಗ್ಲಿ" ಅಂತ ಕೇಳಿ. ಇದು ವಾದ ಮಾಡೋಕೆ ಆಗದಂಥ ಕೆಲಸ, ಅದಕ್ಕೇ ಮೊದಲು ಇದನ್ನೇ ಹೇಳ್ತಿದ್ದೀನಿ. ಒಪ್ಪದೇನೂ ಇರಬಹುದು, ಕೋಪಾನೂ ಬರಬಹುದು, ಆಗ ನೀವೊಬ್ಬರೇ ಮಕ್ಕಳನ್ನ ಕರ್ಕೊಂಡು ಅತ್ತೆ ಮನೆಗೆ ಹೋಗಿ ಬನ್ನಿ, ಕದ್ದು ಅಲ್ಲ, ಹೇಳಿಯೇ.

ದುಡ್ಡಿಗೆ ಮಾತ್ರ ನಯವಾಗಿ ಆದ್ರೆ ಗಟ್ಟಿಯಾಗಿ ಗೆರೆ ಎಳೀಲೇಬೇಕು. ಮಕ್ಕಳ ಹೆಸರಲ್ಲಿರೋದು, ಮನೆ ಖರ್ಚಿಂದು ಇಬ್ಬರ ಸಹಿ ಇಲ್ದೆ ತೆಗೆಯೋ ಹಾಗಿರಬಾರದು ಅಂತ ಬ್ಯಾಂಕಲ್ಲೇ ವ್ಯವಸ್ಥೆ ಮಾಡ್ಕೊಳ್ಳಿ. ಅವರ ಸ್ವಂತ ಖರ್ಚಿನ ಪಾಲಿಂದ ಎಷ್ಟು ಬೇಕಾದ್ರೂ ಕೊಡ್ಲಿ. ಇದನ್ನ ಅಪನಂಬಿಕೆ ಅಂತ ಅವರು ಅಂದ್ರೆ, ಬಡವರಿಗೆ ಅಂತ ಕೂಡಿಸಿದ ಹಣ ಒಯ್ಯುವಾಗ ಪೌಲ ತನ್ನ ಜೊತೆ ಬೇರೆಯವರನ್ನೂ ಇಟ್ಕೊಂಡಿದ್ದ, ಯಾರೂ ತಪ್ಪು ಹುಡುಕಬಾರದು ಅಂತ, 2 ಕೊರಿಂಥ 8:20, 21ರಲ್ಲಿದೆ ಅಂತ ಹೇಳಬಹುದು, ಈ ಒಂದು ವಚನಕ್ಕೆ ಮಾತ್ರ ನನ್ನ ಪರ್ಮಿಷನ್ ಇದೆ. ಕೊಟ್ಟ ಹಣ ತಗೊಂಡವರು ಲೆಕ್ಕ ಕೊಡ್ತಾರಾ ಅಂತಾನೂ ವಿಚಾರಿಸಿ. ಮನೆಯವರಿಗೆ ಹೇಳ್ದೆ ಕೊಡಿ ಅಂತ ಕಲಿಸೋ ಯಾವ ಸೇವೇನೂ ನಂಬಿಕೆಗೆ ಯೋಗ್ಯ ಅಲ್ಲ, ಇದನ್ನ ಸಭಾಪಾಲಕನಾಗಿ ನೇರವಾಗೇ ಹೇಳ್ತೀನಿ.

ಮಗನ ವಿಷಯ. ಅಳೋ ಹುಡುಗನ ಕೈಲಿ ಕೈಪತ್ರ ಕೊಟ್ರೆ ಅದನ್ನ ತಗೊಳ್ಳೋರೂ ಸುವಾರ್ತೆ ಓದಲ್ಲ, ಆ ಮಗುವಿನ ಮುಖ ಓದ್ತಾರೆ. ಹೀಗೆ ಬೆಳೆದು ಆಮೇಲೆ ಯೇಸುವಿನ ಹೆಸರು ಕೇಳಿದ್ರೆ ಮೈ ಉರಿಯೋ ಯುವಕರನ್ನ ಕೂರಿಸ್ಕೊಂಡು ಮಾತಾಡೋದು ನನ್ನ ಕೆಲಸದ ಒಂದು ದೊಡ್ಡ ಭಾಗ. ಅವನಿಗೆ ಇಷ್ಟ ಇದ್ರೆ ಹೋಗ್ಲಿ, ಇಲ್ಲಾಂದ್ರೆ ಬೇಡ, ಇಲ್ಲಿ ನೀವು ತಾಯಿಯಾಗಿ ಗಟ್ಟಿ ನಿಲ್ಲಬಹುದು. ಅಪ್ಪ ಮಗ ಸೇರ್ಕೊಂಡು ಮಾಡೋ ಬೇರೆ ಕೆಲಸ ಇದ್ದೇ ಇದೆ, ಒಂಟಿಯಾಗಿರೋ ವಯಸ್ಸಾದವರ ಮನೆಗೆ ಸಾಮಾನು ತಂದುಕೊಡೋದು, ಆಸ್ಪತ್ರೇಲಿ ಯಾರಿಗಾದ್ರೂ ಊಟ ಒಯ್ಯೋದು. ನಿಮ್ಮ ಯಜಮಾನ್ರ ಹತ್ರ ಶಕ್ತಿ ತುಂಬಾ ಇದೆ, ಅದಕ್ಕೆ ಕೈಗೆ ಕೆಲಸ ಬೇಕು, ಫೋನ್ ಒತ್ತೋ ಹೆಬ್ಬೆರಳಿಗಲ್ಲ ಅಷ್ಟೇ. ಕುಡಿತ ಬಿಡೋಕೆ ಒದ್ದಾಡ್ತಿರೋರ ಜೊತೆ ಕೂತು ಮಾತಾಡು ಅಂತ ಯಾರಾದ್ರೂ ಅವರಿಗೆ ಹೇಳಬೇಕು, ಆ ಸೇವೆಗೆ ಅವರಷ್ಟು ಯೋಗ್ಯರು ಸಿಗೋದು ಕಷ್ಟ, ಸಾಕಷ್ಟು ಜನ ಅಲ್ಲೇ ಸರಿಹೋಗಿರೋದನ್ನ ನೋಡಿದ್ದೀನಿ.

ಆ "ಯಾರಾದ್ರೂ" ನೀವಾಗದಿದ್ರೇನೇ ಒಳ್ಳೇದು. ಅವರು ಗೌರವ ಕೊಡೋ ಒಬ್ಬ ಹಿರಿಯರು, ಜಗಳಗಂಟರಲ್ಲದವರು, ಇದ್ದೇ ಇರ್ತಾರೆ. ಅವರ ಹತ್ರ ಹೋಗಿ ವಿಷಯ ಹೇಳಿ. ಅಪಾಯ ಏನಂದ್ರೆ ಹೆಂಡ್ತಿ ಹೊರಗೆ ದೂರು ಹೇಳಿದ್ಲು ಅಂತ ಅವಮಾನ ಆಗಬಹುದು, ಆ ಹಿರಿಯರೇ ಅದೇ ಗುಂಪಿನವರಾಗಿದ್ರೆ ಪೂರ್ತಿ ತಿರುಗುಬಾಣ ಆಗತ್ತೆ, ಅದಕ್ಕೆ ಆಯ್ಕೆಯಲ್ಲಿ ಹುಷಾರು. ಹೀಗೆ ಮಾತಾಡೋಕೆ ಹೋಗೋ ಹಿರಿಯರಿಗೆ ನಾನು ಹೇಳ್ಕೊಡೋ ಒಂದು ಕಥೆ ಇದೆ, ಲೂಕ 9ರದ್ದು. ಸಮಾರ್ಯದ ಒಂದು ಹಳ್ಳಿ ಯೇಸುವನ್ನ ಸೇರಿಸ್ಕೊಳ್ಳಲಿಲ್ಲ ಅಂತ ಯಾಕೋಬ ಯೋಹಾನ ಇಬ್ರೂ "ಆಕಾಶದಿಂದ ಬೆಂಕಿ ಬೀಳ್ಲಿ ಅಂತ ಹೇಳೋಣ್ವಾ ಸ್ವಾಮಿ" ಅಂದ್ರು. ಯೇಸು ತಿರುಗಿ ಅವರನ್ನೇ ಗದರಿಸಿ ಬೇರೆ ಹಳ್ಳಿಗೆ ಹೋದ. ಅಪೊಸ್ತಲರ ಕೃತ್ಯಗಳು 8ಕ್ಕೆ ಬನ್ನಿ, ಅದೇ ಯೋಹಾನ ಪೇತ್ರನ ಜೊತೆ ಅದೇ ಸಮಾರ್ಯಕ್ಕೆ ಹೋಗಿ ಅಲ್ಲಿನವರ ಮೇಲೆ ಕೈಯಿಟ್ಟು ಪವಿತ್ರಾತ್ಮಕ್ಕಾಗಿ ಪ್ರಾರ್ಥನೆ ಮಾಡ್ತಾನೆ, ವಾಪಸ್ ಬರುವಾಗ ಸಮಾರ್ಯದ ಎಷ್ಟೋ ಹಳ್ಳಿಗಳಲ್ಲಿ ಸುವಾರ್ತೆ ಸಾರ್ತಾರೆ. ಅವತ್ತು ಬೆಂಕಿ ಬಿದ್ದಿದ್ರೆ ಕೈಯಿಡೋಕೆ ಯಾರ ತಲೆ ಇರ್ತಿತ್ತು? ಗುಡುಗಿನ ಮಕ್ಕಳು ಅಂತ ಹೆಸರಿದ್ದವನನ್ನ ಯೇಸು ಓಡಿಸ್ಲಿಲ್ಲ, ಜೊತೇಲಿಟ್ಟುಕೊಂಡು ತಿದ್ದಿದ. ಇದಕ್ಕೆ ಟೈಮ್ ಹಿಡೀತು.

ಕೊನೇದಾಗಿ ಒಂದು ವಿಷಯ, ಇದನ್ನ ಯಾರೂ ಸಭೆಗಳಲ್ಲಿ ಮಾತಾಡಲ್ಲ. ಕೆಲವೊಮ್ಮೆ ಭಕ್ತಿ ಥರ ಕಾಣೋದು ಕಾಯಿಲೆ ಇರತ್ತೆ. ನಾಲ್ಕೈದು ದಿನದಿಂದ ನಿದ್ದೆ ಹತ್ತಿರ ಹತ್ತಿರ ಇಲ್ಲ ಆದ್ರೂ ಸುಸ್ತಿಲ್ಲ, ಮಾತು ನಿಲ್ಲಲ್ಲ, ದುಡ್ಡು ನೀರಿನ ಹಾಗೆ ಖರ್ಚು, ದೇವರು ನನ್ನೊಬ್ಬನಿಗೇ ವಿಶೇಷ ಅಪ್ಪಣೆ ಕೊಟ್ಟಿದ್ದಾನೆ ಅನ್ನೋದು, ಇಲ್ಲಾಂದ್ರೆ ಪಾಪ ಕ್ಷಮೆ ಆಗಿಲ್ಲ ಅಂತ ಒಂದೇ ಪ್ರಾರ್ಥನೆಯನ್ನ ಗಂಟೆಗಟ್ಟಲೆ ಮತ್ತೆ ಮತ್ತೆ ಮಾಡೋದು, ಇಂಥದ್ದು ಕಂಡ್ರೆ ಮಾನಸಿಕ ವೈದ್ಯರ ಹತ್ರ ಹೋಗಬೇಕು, ಪ್ರಾರ್ಥನೆ ಜೊತೆಗೇ. ನೀವು ಬರೆದಿರೋದ್ರಲ್ಲಿ ಅಂಥದ್ದು ಕಾಣಿಸ್ಲಿಲ್ಲ, ಆದ್ರೂ ಗಮನ ಇರ್ಲಿ. ಕೈ ಎತ್ತಿದ್ರೆ, ಮಕ್ಕಳನ್ನ ಹೊಡೆದ್ರೆ, ಬೆದರಿಸಿದ್ರೆ ಮೇಲೆ ಹೇಳಿದ ನಯ ನಾಜೂಕು ಯಾವುದೂ ಅನ್ವಯಿಸಲ್ಲ, ಮಕ್ಕಳನ್ನ ಕರ್ಕೊಂಡು ಸುರಕ್ಷಿತ ಜಾಗಕ್ಕೆ ಹೋಗಿ, ಆಮೇಲೆ ಮಾತು, ಬೇಕಾದ್ರೆ ಪೊಲೀಸರ ಸಹಾಯ ತಗೊಳ್ಳಿ, ಅದು ಅವಿಧೇಯತೆ ಅಲ್ಲ. ಇನ್ನು ಡಾಕ್ಟರ್ ಹತ್ರಾನೋ ಸಮಾಲೋಚಕರ ಹತ್ರಾನೋ ಬರೋಕೆ ಅವರು ಒಪ್ಪದಿದ್ರೆ ನೀವೊಬ್ಬರೇ ಮೊದಲು ಹೋಗಿ, ಏನೇನು ನಡೀತಿದೆ, ಯಾವಾಗಿಂದ, ನಿದ್ದೆ ಊಟ ಹೇಗಿದೆ ಅಂತ ಒಂದು ಹಾಳೇಲಿ ಬರ್ಕೊಂಡು ಹೋಗಿ ಕೊಡಿ, ಅಷ್ಟರಿಂದಾನೂ ಅವರು ಮುಂದಿನ ದಾರಿ ಹೇಳಬಲ್ಲರು.